ಬಂದವರಿಗೆ ನೀರು ಕೊಡುವ ಮನೆ

ಸಾಗರ
ಮಂಗಳವಾರ, ೧೭ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ,

ನಿನ್ನ ಕವನಾ ಮಾಡುವ ನಮಸ್ಕಾರ. ನಿಶಾಂತ್ ಅಂಕಲ್‌ಗೂ ತಿಳಿಸು. ನಾನು ಹುಷಾರಾಗಿದ್ದೇನೆ, ಕೆಮ್ಮು ಹೋಗಿದೆ, ಹಾಸ್ಟೆಲ್ ಸಾಂಬಾರು ಅಭ್ಯಾಸವಾಗಿದೆ. ಕಾಲೇಜು ಸೇರಿದ ವಾರವೇ ಬರೆಯುತ್ತೇನೆ ಎಂದವಳು ಇಷ್ಟು ತಡ ಮಾಡಿದೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ? ಸರಿ, ಇಡ್ಲಾ?" ಎನ್ನುತ್ತೀಯ, ನಾನೂ "ಹ್ಞೂಂ" ಎಂದುಬಿಡುತ್ತೇನೆ. ಇದು ಅಷ್ಟರಲ್ಲಿ ಮುಗಿಯುವ ಸುದ್ದಿಯಲ್ಲ. ಕನ್ನಡದ ನಡುವೆ ಇಂಗ್ಲಿಷ್ ಜಾಸ್ತಿಯಾಯಿತು ಎಂದು ಬೈದರೆ, ನೀನೂ ಅಂಕಲ್ಲೂ ಮದುವೆಯಾದ ವರ್ಷವೇ, ಐದನೇ ಕ್ಲಾಸಿನಿಂದ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದ್ದು ಯಾರು ಎಂದು ನಾನೂ ಕೇಳುತ್ತೇನೆ. ತಮಾಷೆಗೆ ಅಂದೆ.

ಸುದ್ದಿ ಏನೆಂದರೆ, ನಾವು ಒಂದು ಮನೆ ಮಾಡುತ್ತಿದ್ದೇವೆ. ಇಲ್ಲೊಂದು ಕೇರಿಯಲ್ಲಿ ಬಾಗಿಲು ಮುಚ್ಚಿದ ಅಕ್ಕಿ ಗಿರಣಿ ಇದೆ. ಅದರ ಯಜಮಾನರು ಜಾಗವನ್ನು ಊರಿನವರ ಒಂದು ಸಮಿತಿಗೆ ಬಿಟ್ಟುಕೊಟ್ಟಿದ್ದಾರೆ. ಬಸ್ ಸ್ಟ್ಯಾಂಡು, ಸಂತೆ ಕಟ್ಟೆ, ಅಂಗಡಿ ಜಗಲಿಗಳಲ್ಲಿ ಮಲಗುವವರಿಗಾಗಿ ಅಲ್ಲಿ ಆರು ಕೋಣೆ. ಇದು ಆಶ್ರಮವಲ್ಲ ಅಮ್ಮ, ಬೆಳಗಾದ ಕೂಡಲೇ ಎಬ್ಬಿಸಿ ಕಳಿಸುವ ಶೆಲ್ಟರೂ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಬೀಗದಕೈ ಅವರ ಕೈಯಲ್ಲೇ, ಎಷ್ಟು ವರ್ಷ ಬೇಕಾದರೂ ಇರಬಹುದು. ಮಾತ್ರೆ ತೆಗೆದುಕೊಂಡಿರಾ, ಪೆನ್ಷನ್ ಬಂತಾ, ಆಸ್ಪತ್ರೆಗೆ ಹೋಗಬೇಕಾ ಎಂದು ವಿಚಾರಿಸಲು ದಿನಾ ಒಬ್ಬರು ಬರುತ್ತಾರೆ. ನಮಗೆ ಸೋಷಿಯಲ್ ವರ್ಕ್ ಹೇಳಿಕೊಡುವ ದೀಪಶ್ರೀ ಮೇಡಂ ಸಮಿತಿಯಲ್ಲಿದ್ದಾರೆ. ಹಾಗಾಗಿ ಫಸ್ಟ್ ಇಯರಿನವರನ್ನೂ ಎಳೆದುಕೊಂಡರು. ಅಧ್ಯಕ್ಷರು ಗಣಪಯ್ಯನವರು, ರಿಟೈರ್ಡ್ ಹೆಡ್‌ಮಾಸ್ಟರು, ಈಗಲೂ ಎಲ್ಲರನ್ನೂ ಏಳನೇ ಕ್ಲಾಸಿನವರಂತೆ ನೋಡುತ್ತಾರೆ.

ಮೊದಲನೇ ಕೋಣೆ ಹೂವಮ್ಮನಿಗೆ ಎಂದು ನಿಶ್ಚಯವಾಗಿತ್ತು. ಹೂವಮ್ಮ ಹೊಸನಗರದ ಕಡೆಯವರು. ಇಲ್ಲಿನ ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕಿದ್ದರು. ಕಾಲಿನಲ್ಲಿ ಹುಣ್ಣಾಗಿ ನಿಲ್ಲಲಾಗದೆ ಕೆಲಸ ಹೋಯಿತು, ಅದರ ಜೊತೆಗೆ ಮಲಗುತ್ತಿದ್ದ ಹೋಟೆಲಿನ ಮೂಲೆಯೂ ಹೋಯಿತು. ಈಗ ಬಸ್ ಸ್ಟ್ಯಾಂಡ್ ಎದುರಿನ ಜಗಲಿ. ರಾತ್ರಿ ಮಳೆಯ ಇರಚಲು ಹೊಡೆದರೆ ಬ್ಯಾಂಡೇಜೂ ಒದ್ದೆ. ಒಣಗಿದ ಜಾಗ ಸಿಗದಿದ್ದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿದ ಮೇಲೆ ನನಗೆ ಕ್ಲಾಸಿನಲ್ಲೂ ಅದೇ ಯೋಚನೆ.

ಇಷ್ಟಿರುವಾಗ ನಾನೇ ಕೆಲಸ ಕೆಡಿಸಿದೆ. ಮನೆಯ ನಿಯಮ ಬರೆಯಲು ಮೇಡಂ ನನಗೆ ಹೇಳಿದರು. ಎಂಟು ವರ್ಷ ಹಾಸ್ಟೆಲ್ಲಿನಲ್ಲಿದ್ದವಳಿಗೆ ನಿಯಮ ಹುಡುಕುವ ಕಷ್ಟವೇ ಇಲ್ಲ, ಯೋಚಿಸದೆ ಬರೆದುಕೊಟ್ಟೆ. ಎಂಟಕ್ಕೆ ಗೇಟ್ ಬಂದ್, ಹೊರಗಿನವರಿಗೆ ಪ್ರವೇಶವಿಲ್ಲ, ನೋಡಲು ಬಂದವರು ಗೇಟಿನಲ್ಲೇ ಮಾತಾಡಿಸಬೇಕು. ಗಣಪಯ್ಯನವರು "ಭೇಷ್" ಎಂದರು. ಆ ಭೇಷನ್ನು ಹೊತ್ತುಕೊಂಡು, ಅವರ ಜೊತೆಗೇ ಹೋಗಿ ಹೂವಮ್ಮನಿಗೆ ಓದಿ ಹೇಳಿದೆ.

ಹೂವಮ್ಮ ಪೂರ್ತಿ ಕೇಳಿ, "ನಾ ಬರಲ್ಲ ಬಿಡು" ಎಂದರು.

"ಯಾಕೆ ಹೂವಮ್ಮ?"

"ಬಂದೋರಿಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡಕ್ಕಾಗ್ದಿದ್ರೆ ಅದೆಂತ ಮನೆ ಮಾರಾಯ್ತಿ? ಈ ಜಗಲೀಲಾದ್ರೂ ಬಸ್ಸಿಗೆ ಕಾಯೋರು ಬಂದು ಪಕ್ಕ ಕೂತ್ಕಳ್ತಾರೆ."

ಗಣಪಯ್ಯನವರು ಮೆತ್ತಗೇ ಕೇಳಿದರು. "ಅಲ್ಲ ಹೂವಮ್ಮ, ನಿನ್ನ ನೋಡೋಕೆ ಬರೋರಾದ್ರೂ ಯಾರಿದ್ದಾರೆ?"

"ಮನೆ ಇದ್ರಲ್ವಾ ಮೇಷ್ಟ್ರೇ ಬರೋದು? ಇಷ್ಟು ವರ್ಷ ಈ ದಾರೀಲೇ ತಿರುಗಾಡಿದ್ರಿ. ಒಂದಿನ ಕೂತಿದೀರಾ ನನ್ನತ್ರ?"

ಪಕ್ಕದ ಜಗಲಿಯ ಕೆರಿಯಪ್ಪ, ಅವರೂ ಕೋಣೆ ಸಿಗಬೇಕಾದವರೇ, "ಅವಳು ಬರದಿದ್ರೆ ನಾನೂ ಇಲ್ಲ" ಎಂದು ಬೀಡಿ ಹಚ್ಚಿದರು.

ಹೊರಗಿನವರ ಆ ನಿಯಮ ಹೊಡೆದುಹಾಕೋಣ ಸಾರ್ ಎಂದು ನಾನೆಂದರೆ ಗಣಪಯ್ಯನವರು, "ಆಗಲ್ಲ ಮಗು. ಹೊರಗಿನವರನ್ನ ಒಳಗೆ ಬಿಡಲ್ಲ ಅಂತ ಕೇರಿಯವರಿಗೆ ಆಗಲೇ ಮಾತು ಕೊಟ್ಟಿದೀನಿ" ಎಂದರು. ಗಿರಣಿಯ ಪಕ್ಕದ ಮನೆಯವರು ಸುಬ್ಬಲಕ್ಷ್ಮಮ್ಮ. ಕೇರಿಯಲ್ಲಿ ಅವರು ಹ್ಞೂಂ ಅಂದರೆ ಹ್ಞೂಂ. ಅವರು ಬೇಡವೆಂದರೆ ಜಾಗವನ್ನು ಬೇರೆ ಕೆಲಸಕ್ಕೆ ಕೊಡುತ್ತೇವೆ ಎಂದು ಯಜಮಾನರು ಆಗಲೇ ಹೇಳಿಯಾಗಿತ್ತು. ಭಾನುವಾರ ಗಿರಣಿಯಲ್ಲೇ ಮೀಟಿಂಗ್. ನಾನು ಮತ್ತೆ ಜಗಲಿಗೆ ಹೋಗಿ, "ನಂಗೆ ಮಾತಾಡೋಕೆ ಬರಲ್ಲ, ನೀವೇ ಬಂದು ಹೇಳಿ" ಎಂದು ಬೇಡಿಕೊಂಡೆ.

ಭಾನುವಾರ ನಾವು ಕುರ್ಚಿ ಹೊತ್ತುಕೊಂಡು ಹೋದರೆ ಹೂವಮ್ಮ ಆಗಲೇ ಬಂದಿದ್ದರು. ಇನ್ನೂ ಬಾಗಿಲು ಕೂರಿಸದ ಮೊದಲನೇ ಕೋಣೆಯನ್ನು ಗುಡಿಸಿ, ಹಳೇ ಹೋಟೆಲಿನಿಂದ ತಂದ ತಂಬಿಗೆ ಲೋಟ ಇಟ್ಟುಕೊಂಡು ಕೂತಿದ್ದರು. ಕೇರಿಯವರು ಬಂದರು. ಸುಬ್ಬಲಕ್ಷ್ಮಮ್ಮ ಒಳಗೆ ಕಾಲಿಡುವ ಮೊದಲೇ, ನಾವೆಲ್ಲಿಗೆ ಹೋಗಬೇಕು ಎಂದು ತಮ್ಮ ಹವ್ಯಕ ಮಾತಿನಲ್ಲಿ ಶುರು ಮಾಡಿದರು. "ಎಂತ ಗಣಪಯ್ಯ, ಕುಡುಕ್ರು ಬತ್ತ, ಗಲಾಟೆ ಆಗ್ತು. ಆಮೇಲೆ ಎಂಗೊ ಎಲ್ಲಿಗೆ ಹೋಗವು?"

ಅಷ್ಟರಲ್ಲಿ ಹೂವಮ್ಮ ಕುಂಟುತ್ತಾ ಎದ್ದು ಬಂದರು. "ಬನ್ನಿ ಅಮ್ಮಾ, ಬಿಸಿಲಲ್ಲಿ ಬಂದಿದೀರಿ. ಕೂತ್ಕಳಿ ಮೊದ್ಲು." ಕುರ್ಚಿ ಎಳೆದು ಕೂರಿಸಿ, ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ಮುಂದೆ ಹಿಡಿದರು.

ಸುಬ್ಬಲಕ್ಷ್ಮಮ್ಮನ ಮನೆಯವರು ಎಲ್ಲರ ಕೈಯಿಂದಲೂ ನೀರು ಕುಡಿಯುವವರಲ್ಲ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು. ಕುಡಿಯದೆ ಎದ್ದರೆ ಮನೆಗೆ ಬಂದು ಅವಮಾನ ಮಾಡಿದ ಹಾಗೆ. ಕುಡಿದರೆ ಇದು ಹೂವಮ್ಮನ ಮನೆ ಎಂದು ಒಪ್ಪಿದ ಹಾಗೆ. ಇದನ್ನೆಲ್ಲ ಹೂವಮ್ಮ ಲೆಕ್ಕ ಹಾಕಿ ಮಾಡಿದರೋ ಸುಮ್ಮನೆ ಮಾಡಿದರೋ ನನಗೆ ಈಗಲೂ ತಿಳಿಯದು. ಸುಬ್ಬಲಕ್ಷ್ಮಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಲೋಟ ನೋಡಿದರು. ಆಮೇಲೆ ಎತ್ತಿ ಕುಡಿದರು, ಪೂರ್ತಿ.

"ಬೆಲ್ಲ ಚೊಲೊ ಇದ್ದು" ಎಂದರು.

"ಜೋನಿಬೆಲ್ಲ ಕೊಡ್ಬೇಕಿತ್ತು. ಹಾಕಿಡಕ್ಕೆ ಪಾತ್ರೆ ಇಲ್ಲ" ಎಂದರು ಹೂವಮ್ಮ.

ಅಲ್ಲಿಗೆ ಜಗಳ ಮುಗಿಯಿತು ಅಂದುಕೊಳ್ಳಬೇಡ, ಒಂದು ಗಂಟೆ ನಡೆಯಿತು. ಆದರೆ ಬೇರೆ ದಾರಿ ಹಿಡಿಯಿತು. ಗೇಟು ಎಂಟಕ್ಕಲ್ಲ, ಹತ್ತಕ್ಕೆ. ನೆಂಟರು ಬರಬಹುದು. "ಕುಡ್ಕೊಂಡು ಬಂದ್ರೆ ಮಾತ್ರ ನಾನೇ ಬಂದು ಬೈಯೋದು" ಎಂದರು ಸುಬ್ಬಲಕ್ಷ್ಮಮ್ಮ. ಹೂವಮ್ಮ ಬಿಡಲಿಲ್ಲ. "ನೀವ್ಯಾಕೆ ಬೈತೀರಿ? ನಮ್ಮನೆಗೆ ಬಂದೋರ್ನ ನಾವು ಬೈಕಳ್ತೀವಿ." ಗಣಪಯ್ಯನವರೂ ನಕ್ಕರು. ನನ್ನ ನಿಯಮದ ಹಾಳೆ ಮಡಚಿ ಅಲುಗಾಡುವ ಕುರ್ಚಿಯ ಕಾಲಿನ ಕೆಳಗಿಟ್ಟರು, ಅದಕ್ಕಾದರೂ ಬಂತು.

ಈಗ ಪ್ಲಾನ್ ಬದಲಾಗಿದೆ ಅಮ್ಮ. ಪ್ರತಿ ಕೋಣೆಯ ಎದುರು ಇಬ್ಬರು ಕೂರುವಷ್ಟು ಜಗಲಿ, ಒಳಗೆ ಒಲೆಗೂ ಕೊಡಪಾನಕ್ಕೂ ಒಂದು ಕಟ್ಟೆ. ಅದನ್ನು ಡ್ರಾಯಿಂಗಿನಲ್ಲಿ ಸೇರಿಸಿದ್ದು ನಾನೇ, ಮೇಡಂ ಒಪ್ಪಿದರು. ತಿಂಗಳ ಕೊನೆಗೆ ಹೂವಮ್ಮ, ಕೆರಿಯಪ್ಪ ಇಬ್ಬರೂ ಬರುತ್ತಾರೆ. ನಿನ್ನೆ ಬಾಗಿಲು ಕೂರಿಸಿದರು. ಹೂವಮ್ಮ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು, ಬಡಗಿಯ ಹತ್ತಿರ ಬೈಸಿಕೊಂಡರು. ಖುಷಿಗೆ ನನಗೆ ಓದಲು ಕೂರಲೇ ಆಗುತ್ತಿಲ್ಲ. ಇಂಟರ್ನಲ್ಸ್ ಬೇರೆ ಇವೆ, ಅದರ ಹೆದರಿಕೆ ಇದ್ದೇ ಇದೆ.

ಮಳೆಯಲ್ಲಿ ಓಡಾಡಬೇಡ, ಬಿ.ಪಿ. ಮಾತ್ರೆ ಮರೆಯಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಪರೀಕ್ಷೆಗೂ ಈ ಮನೆಗೂ.

ನಿನ್ನ ಮಗಳು
ಕವನಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಬಾರದು ಅಂದುಕೊಂಡಿದ್ದು. ಪಿಯುಸಿ ಮುಗಿಸಿ ಕೋಣಂದೂರಿನ ನಿಮ್ಮ ಮನೆಗೆ ಬಂದ ದಿನ ನಾನಿನ್ನೂ ಚೀಲ ಕೆಳಗಿಟ್ಟಿರಲಿಲ್ಲ. "ಎಷ್ಟು ದಿನ ಇರ್ತೀಯ ಪುಟ್ಟಿ?" ಎಂದು ನೀನು ಕೇಳಿದೆ. ಪ್ರೀತಿಯಿಂದಲೇ ಕೇಳಿದ್ದೆ, ಗೊತ್ತು. ಅಂಕಲ್ ಅಲ್ಲೇ ನಿಂತಿದ್ದರು. ನಾನು ನಾಲ್ಕು ದಿನ ಎಂದೆ. ನನ್ನ ರಜೆ ಎರಡು ತಿಂಗಳಿತ್ತು ಅಮ್ಮ. ಉಳಿದದ್ದನ್ನು ಗೆಳತಿ ಸ್ವಪ್ನಾಳ ಮನೆಯಲ್ಲಿ ಕಳೆದೆ. ದಸರಾಕ್ಕೆ ಬರುತ್ತೇನೆ. ಈ ಸಲ ದಯವಿಟ್ಟು ಅದನ್ನು ಕೇಳಬೇಡ.