ಸೇತುವೆಯ ಆಚೆ ಹೋದ ರೇಸ್ ಟ್ರ್ಯಾಕು

ಜಿಲ್ಲಾ ಪ್ರವಾಸೋದ್ಯಮ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಮೋಟಾರ್ ರೇಸಿನ ಟ್ರ್ಯಾಕನ್ನು ನದಿಯಾಚೆಯ ಕರಂಗ್‌ವುನಿ ಊರಿಗೆ ಕೊಟ್ಟಿರಿ. ಈಗ ಸಂಗೀತದ ವೇದಿಕೆ, ನೀರಾಟದ ಪಾರ್ಕು, ಹೋಟೆಲು, ತಿಂಡಿ ಬೀದಿ ಎಲ್ಲವನ್ನೂ ಅವರಿಗೇ ಕೊಡಲು ಹೊರಟಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ನದಿಯ ಈ ದಡದಲ್ಲಿ ಸಂಬಿರೆಜೊ ಎಂಬ ಊರಿರುವುದು ತಮ್ಮ ಗಮನಕ್ಕೆ ಬಂದಿದೆಯೇ? ಇವನು ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾನೆ ಎಂದು ತಾವು ಭಾವಿಸಬಹುದು. ನಿಜವೇ. ಆದರೆ ಹೊಟ್ಟೆಕಿಚ್ಚಿಗೂ ಒಂದು ಚರಿತ್ರೆ ಇರುತ್ತದೆ.

ಈ ಸೀಮೆಯಲ್ಲಿ ಬೈಕ್ ರೇಸ್ ಹುಟ್ಟಿದ್ದು ನಮ್ಮ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ. ಕಬ್ಬು ಅರೆಯುವುದು ಮುಗಿದ ಮೇಲೆ ಪ್ರತಿ ವರ್ಷ, ಹುಲ್ಲಿನ ಮೂಟೆಗಳನ್ನು ತಿರುವುಗಳಿಗೆ ಅಡ್ಡವಿಟ್ಟು, ಜಾವಾದ ಮೂಲೆಮೂಲೆಯ ಹುಡುಗರು ಇಲ್ಲಿ ಧೂಳೆಬ್ಬಿಸುತ್ತಿದ್ದರು. ಕರಂಗ್‌ವುನಿಯವರು ಆಗ ಏನು ಮಾಡುತ್ತಿದ್ದರು? ಮರಗೆಣಸು ಒಣಗಿಸುತ್ತಿದ್ದರು. ರೇಸಿನ ದಿನ ಸೈಕಲ್ ತುಳಿದು ಬಂದು, ಟಿಕೆಟ್ಟಿಲ್ಲದೆ ನಮ್ಮ ಗೋಡೆ ಹತ್ತುತ್ತಿದ್ದರು. ಆ ಗೋಡೆ ಹತ್ತಿದವರ ಮಕ್ಕಳು ಇಂದು ಟ್ರ್ಯಾಕಿನ ಬಾಗಿಲಲ್ಲಿ ನಿಂತು ನನ್ನ ಟಿಕೆಟ್ ಹರಿಯುತ್ತಾರೆ.

ತಮ್ಮ ಕಚೇರಿಯ ಅಧಿಕಾರಿ ಸ್ಥಳ ನೋಡಲು ಮೊದಲು ಬಂದದ್ದು ನಮ್ಮಲ್ಲಿಗೇ. ಸಭಾಂಗಣದಲ್ಲಿ ಚಾಪೆ ಹಾಸಿ, ಚಹಾ, ಕರಿದ ಬಾಳೆಹಣ್ಣು ಇಟ್ಟೆವು. ‘ತಗೊಳ್ಳಿ’ ಎಂದು ಮನೆಯವರು ಹೇಳುವ ತನಕ ಅತಿಥಿ ಲೋಟ ಮುಟ್ಟುವುದಿಲ್ಲವಲ್ಲ. ಅವರು ರಾಜಧಾನಿಯವರು, ಕೂತ ತಕ್ಷಣ ಕುಡಿದು ಮುಗಿಸಿದರು.

“ಟ್ರ್ಯಾಕ್ ನಿಮಗೆ ಬೇಕಾ?” ಎಂದು ಅವರು ಕೇಳಿದರು.

ನಮ್ಮ ಊರಿನ ಮುಖ್ಯಸ್ಥರು ತಲೆ ತಗ್ಗಿಸಿ, “ನಮ್ಮಂಥ ಸಣ್ಣ ಊರಿಗೆ ಅಷ್ಟು ದೊಡ್ಡದೆಲ್ಲ ಯಾಕೆ ಬಿಡಿ ಸಾರ್” ಎಂದರು.

ಮಾನ್ಯರೇ, ಮರ್ಯಾದಸ್ಥರ ಮೊದಲ ಉತ್ತರ ಅದು. ಎರಡನೇ ಸಲ ಕೇಳಿದಾಗ ಅನುಮಾನಿಸುವುದು, ಮೂರನೇ ಸಲಕ್ಕೆ ಒಪ್ಪುವುದು. ಮದುವೆಯ ಊಟಕ್ಕೂ ನಾವು ಹಾಗೆಯೇ ಏಳುತ್ತೇವೆ. ಅಧಿಕಾರಿಗಳು ಎರಡನೇ ಸಲ ಕೇಳಲೇ ಇಲ್ಲ. ‘ಸ್ಥಳೀಯರಿಗೆ ಆಸಕ್ತಿಯಿಲ್ಲ’ ಎಂದು ತೀರ್ಮಾನಿಸಿ ಸೇತುವೆ ದಾಟಿದರು. ಆ ಕಡೆಯ ಮುಖ್ಯಸ್ಥ ಜಕಾರ್ತದಲ್ಲಿ ಬಸ್ ಕಂಡಕ್ಟರಾಗಿದ್ದವನು. ಪ್ರಶ್ನೆ ಮುಗಿಯುವ ಮೊದಲೇ, “ಬೇಕು ಸಾರ್. ಕೆಲಸ ಯಾವಾಗ ಶುರು?” ಎಂದನಂತೆ. ಸಂಕೋಚ ಕಲಿಸಿದ ತಪ್ಪಿಗೆ ನಮ್ಮ ಹಿರಿಯರನ್ನು ದೂರಲೇ, ಅಥವಾ ಒಂದೇ ಪ್ರಶ್ನೆಗೆ ಒಂದು ಊರಿನ ಮನಸ್ಸು ತಿಳಿಯಿತೆಂದುಕೊಂಡ ಇಲಾಖೆಯನ್ನೇ?

ನನ್ನ ತಂಗಿ ತಾರ್ಸಿ ಮದುವೆಯಾಗಿ ಹೋದದ್ದು ಕರಂಗ್‌ವುನಿಗೆ. ಪಾಪ, ಮರಗೆಣಸಿನ ಊರು ಎಂದು ನಾವೆಲ್ಲ ಮರುಗಿದ್ದೆವು. ಈಗ ಅವಳ ಅನ್ನದಂಗಡಿಗೆ ಎರಡು ಬಾಗಿಲು. ಇಟಲಿಯ ಮೆಕ್ಯಾನಿಕ್ಕುಗಳು ಬೆವರೊರೆಸಿಕೊಳ್ಳುತ್ತಾ ಅವಳ ಕೈಯ ಖಾರದ ಸಾಂಬಲ್ ಚಟ್ನಿ ತಿನ್ನುತ್ತಾರೆ. ಅವಳು ಆ ಫೋಟೋಗಳನ್ನು ನನಗೆ ಕಳಿಸುತ್ತಾಳೆ. ಚೆನ್ನಾಗಿದೆ ಎಂದು ಉತ್ತರಿಸಿ ಫೋನನ್ನು ಮಗುಚಿ ಇಡುತ್ತೇನೆ. ರೇಸಿನ ದಿನ ಗಾಳಿ ಈ ಕಡೆ ಬೀಸಿದರೆ ಎಂಜಿನ್ನುಗಳ ಸದ್ದು ಪೂರ್ತಿ ನಮ್ಮದು, ಗಿರಾಕಿಗಳು ಪೂರ್ತಿ ಅವರದು.

ನನ್ನ ಹೆಂಡತಿ ಸುಮಿರಾ ಮದುವೆಯಾದಾಗಿನಿಂದ ಸಂಬಿರೆಜೊ ಸಂತೆಯಲ್ಲಿ ಕೋಳಿ ಸಾರು ಮಾರುತ್ತಿದ್ದಾಳೆ. ಅವಳ ಎಡಬಲದ ಅಂಗಡಿಯವರು ಆಗಲೇ ಸೇತುವೆ ದಾಟಿದ್ದಾರೆ. ಕಳೆದ ಭಾನುವಾರ ತಾರ್ಸಿ ಮನೆಗೆ ಬಂದು, “ಅತ್ತಿಗೆ, ಸಂಗೀತದ ವೇದಿಕೆ ನಮ್ಮ ಕಡೇನೇ ಬರತ್ತಂತೆ. ನನ್ನ ಅಂಗಡಿ ಪಕ್ಕ ಒಂದು ಮೂಲೆ ಕೊಡ್ತೀನಿ, ಬಂದ್ಬಿಡಿ” ಎಂದಳು.

ಸುಮಿರಾ ಎಂಥವಳೆಂದರೆ ಬಾಯಾರಿ ಹೋದ ಮನೆಯಲ್ಲೂ ನೀರನ್ನು ಎರಡು ಸಲ ಬೇಡವೆನ್ನುವವಳು. ಅವಳು ನನ್ನ ಮುಖವನ್ನೂ ನೋಡಲಿಲ್ಲ.

“ಬರ್ತೀನಿ ಕಣೇ,” ಎಂದಳು. ಮೊದಲನೇ ಸಲಕ್ಕೇ.

ಆದ್ದರಿಂದ ಮಾನ್ಯರೇ, ನಮ್ಮೂರಿನವರು ಯಾರೂ ಬರೆಯದ ಮಾತನ್ನು ಬರೆಯುತ್ತಿದ್ದೇನೆ. ನನ್ನ ತಾಯಿ ಇದ್ದಿದ್ದರೆ ನಾಚಿಕೆಯಿಂದ ಒಳಗೆ ಹೋಗಿಬಿಡುತ್ತಿದ್ದಳು. ಸಂಗೀತದ ವೇದಿಕೆ ನಮಗೆ ಬೇಕು. ತಿಂಡಿ ಬೀದಿ ಬೇಕು. ಕಾರ್ಖಾನೆಯ ಅಂಗಳ ಖಾಲಿ ಬಿದ್ದಿದೆ, ಅಲ್ಲೇ ಬೇಕು. ತೀರ್ಮಾನಕ್ಕೆ ರುಜು ಹಾಕುವ ಮೊದಲು ತಾವೇ ಇಲ್ಲಿಗೆ ಬಂದು ಕೇಳಬೇಕು. ಒಂದೇ ಸಲ ಕೇಳಿದರೆ ಸಾಕು.

ಇಂತಿ,
ಸಾರಿನ ಪಾತ್ರೆಗಳನ್ನು ಇನ್ನೂ ಗಾಡಿಗೆ ಏರಿಸದೆ ಕಾಯುತ್ತಿರುವ
ವಿದಾಗ್ದೊ, ಸಂಬಿರೆಜೊ