ಮೀನುಗಿಡುಗ ಎದ್ದುಹೋದ ಶನಿವಾರ

ಲಿಮೆರಿಕ್, ಅಕ್ಟೋಬರ್ ಆರು

ಪ್ರೀತಿಯ ಅರ್ಪಿತಾ,

ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ. ಸಿಟ್ಟು ಇಳಿದಿದೆ ಅಂತ ಬರೆಯುತ್ತಿಲ್ಲ, ಇನ್ನೂ ಇದೆ.

ಆಸ್ಪತ್ರೆಯಲ್ಲಿ ನಾನು ಜಗಳವಾಡಿ ಪಡೆಯುವುದು ಸೆಪ್ಟೆಂಬರಿನ ಆ ಒಂದು ವಾರದ ರಜೆ ಮಾತ್ರ. ಅದಕ್ಕಾಗಿ ಎರಡು ಕ್ರಿಸ್‌ಮಸ್ ಡ್ಯೂಟಿ ಮಾಡಿದ್ದೇನೆ. ಸ್ಕಾಟ್ಲೆಂಡಿನಿಂದ ಆಫ್ರಿಕಾಕ್ಕೆ ಹೊರಟ ಮೀನುಗಿಡುಗ ಇಲ್ಲಿನ ಶಾನನ್ ನದಿಯ ಅಳಿವೆಯಲ್ಲಿ ನಾಲ್ಕೈದು ದಿನ ತಂಗುವುದಿದ್ದರೆ ಆಗಲೇ. ಹಿಂದಿನ ಎರಡು ವರ್ಷ ನಾವಿಬ್ಬರೂ ಅಳಿವೆಯ ದಡದ ರೈತ ಡೋನಲ್ ಅವರ ಹೊಲದ ಅಂಚಿನಲ್ಲಿ ಮಳೆಗೆ ನೆನೆದು, ಫ್ಲಾಸ್ಕಿನ ಕಾಫಿ ಖಾಲಿ ಮಾಡಿ, ಏನೂ ಸಿಗದೆ ವಾಪಸಾದೆವು. "ಗೇಟ್ ಮುಚ್ಚಿಕೊಂಡು ಹೋಗಿ, ಬೇರೆ ಯಾರಿಗೂ ಹೇಳಬೇಡಿ" ಎಂದಷ್ಟೇ ಹೇಳಿ ಆ ಮುದುಕ ನಮ್ಮನ್ನು ಒಳಗೆ ಬಿಟ್ಟಿದ್ದರು.

ಈ ವರ್ಷ ಅದು ಬಂತು. ನನ್ನ ರಜೆ ಶನಿವಾರದಿಂದ. ನೀನು ನಿನ್ನ ಊರು ಲೂಕನ್‌ನಿಂದ ಗುರುವಾರವೇ ಕಾರು ಓಡಿಸಿಕೊಂಡು ಬಂದೆ. ನೀರಿಗೆ ಎರಗಿ, ಮೀನನ್ನು ಕಾಲಲ್ಲಿ ಹಿಡಿದು ಅದು ಮೇಲೇಳುವ ಕ್ಷಣ ನಿನ್ನ ಕ್ಯಾಮೆರಾಗೆ ಸಿಕ್ಕಿತು. ಅದನ್ನು ನೀನು ಇನ್‌ಸ್ಟಾಗ್ರಾಮಿಗೆ ಹಾಕಿದ್ದನ್ನು ವಾರ್ಡಿನಲ್ಲಿ ನಿಂತೇ ನೋಡಿದೆ. ರೆಕ್ಕೆಯಿಂದ ಸಿಡಿದ ಒಂದೊಂದು ಹನಿಯೂ ಕಾಣುತ್ತಿತ್ತು. ಹೊಟ್ಟೆ ಉರಿಯಿತು ಕಣೇ.

ಶನಿವಾರ ಬೆಳಿಗ್ಗೆ ನಾನು ಹೋದರೆ ಗೇಟ್ ಹಾರುಹೊಡೆದಿದೆ, ಒಳಗೆ ಮೂರು ಕಾರು, ಡೋನಲ್ ಅವರ ಹಸುಗಳು ರಸ್ತೆಯಲ್ಲಿ. ಮುಖ ಕಾಣದಷ್ಟು ದೂರದಲ್ಲಿ ಯಾರೋ ಡ್ರೋನ್ ಹಾರಿಸುತ್ತಿದ್ದರು. ಕಂಬದ ಮೇಲೆ ಕೂತಿದ್ದ ಹಕ್ಕಿ ಎದ್ದು, ಒಂದು ಸುತ್ತು ಹಾಕಿ, ದಕ್ಷಿಣಕ್ಕೆ ಹೊರಟುಹೋಯಿತು. ನಾನು ಕ್ಯಾಮೆರಾ ಹೊರಗೆ ತೆಗೆದೇ ಇರಲಿಲ್ಲ.

"ಯಾರು ಹೇಳಿದ್ದು ಇವರಿಗೆಲ್ಲ?" ಎಂದು ಡೋನಲ್ ಕೇಳಿದರು. ನಿನ್ನ ಹೆಸರು ಹೇಳಿದೆ. ಅವರು ಗೇಟಿಗೆ ಬೀಗ ಹಾಕಿದರು. ಸಂಜೆ ನೀನು ಫೋನ್ ಮಾಡಿದಾಗ, "ನಿನಗೆ ಲೈಕ್ ಸಿಕ್ಕರೆ ಸಾಕು, ಹಕ್ಕಿ ಏನಾದರೇನು" ಅಂದೆ. "ನಾನು ಯಾರಿಗೂ ಜಾಗ ಹೇಳಿಲ್ಲ ವಸು" ಅಂತ ನೀನು ಎರಡು ಸಲ ಹೇಳಿದೆ. ಕೇಳದೆ ಫೋನ್ ಇಟ್ಟೆ. ಉಳಿದ ರಜೆಯನ್ನು ಬೇರೆ ದಡಗಳಲ್ಲಿ ಅಲೆದು ಕಳೆದೆ. ಏನೂ ಬರಲಿಲ್ಲ.

ಮೊನ್ನೆ ಕ್ಯಾಂಟೀನಿನಲ್ಲಿ ಎಕ್ಸ್‌-ರೇ ವಿಭಾಗದ ಮಿಥುನ್ ಎದುರು ಬಂದು ಕೂತ. "ಮೇಡಂ, ನೀವು ಹೇಳಿದ ಜಾಗಕ್ಕೆ ಫ್ರೆಂಡ್ಸ್ ಜೊತೆ ಹೋಗಿದ್ದೆ, ಡ್ರೋನ್ ವಿಡಿಯೋ ನೋಡಿ" ಎಂದು ಫೋನ್ ಚಾಚಿದ. ಅದರ ಕೊನೆಯಲ್ಲಿ ಗೇಟಿನ ಹತ್ತಿರ ತಲೆ ಎತ್ತಿ ನಿಂತವಳು ನಾನೇ.

ಆ ಗುರುವಾರ ವಾರ್ಡಿನಲ್ಲಿ ನಿನ್ನ ಚಿತ್ರವನ್ನು ಅವನೂ ನೋಡಿ ಹೊಗಳಿದ್ದ. "ಆ ಜಾಗ ಹುಡುಕಿದ್ದೇ ನಾನು" ಎಂದು ದಾರಿ ಸಮೇತ ಹೇಳಿಕೊಟ್ಟಿದ್ದೆ. ಮರೆತಿದ್ದೆ ಅಂತ ನಿನಗೆ ಸುಳ್ಳು ಹೇಳಲಾರೆ. ನೆನಪಿತ್ತು. ಅದನ್ನು ಬದಿಗೆ ಸರಿಸಿ ನಿನ್ನ ಮೇಲೆ ಕೂಗಾಡಿದೆ. ಇನ್ನೂ ಇಳಿಯದ ಆ ಸಿಟ್ಟು ಈಗ ನನ್ನ ಮೇಲೇ.

ನಿನ್ನೆ ಡೋನಲ್ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. "ನಿನ್ನ ಫ್ರೆಂಡ್ ಬಂದರೆ ಗೇಟ್ ತೆಗೀತೀನಿ. ನಿನಗಲ್ಲ" ಅಂದರು. ಅವರ ಮೇಲೆ ರೇಗಲೂ ನನಗೆ ದಾರಿಯಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ನೀನು ಹೋಗು. ನಾನು ರಸ್ತೆಯಲ್ಲಿ ಕಾರಿನೊಳಗೆ ಕೂತಿರುತ್ತೇನೆ, ನೀನು ಬೇಡ ಅನ್ನದಿದ್ದರೆ.

ಒಳ್ಳೆಯ ಬೆಳಕು ಸಿಗಲಿ ನಿನಗೆ.

ತಪ್ಪು ಹೊರಿಸಿದ,
ವಸುಂಧರಾ