ಹಡಗಿನ ಫೋಟೋದಲ್ಲಿದ್ದ ವಹಾಬ

ಯಾದಗಿರಿ, 9 ಆಗಸ್ಟ್ 1948
ಬೆಳಗಿನಿಂದ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ರೀಟಚಿಂಗ್. ಮದುಮಗನ ಸಿಡುಬಿನ ಕಲೆ ತೆಗೆದೆ. ಆಮೇಲೆ ಮುಂಬಯಿ ಹಡಗಿನ ನೆಗೆಟಿವ್. ಫೋಟೋ ಪ್ಲೇಟು ತರಲು ಮುಂಬಯಿಗೆ ಹೋದಾಗ, ಜುಲೈ 22ಕ್ಕೆ, ಬಂದರಿನಲ್ಲಿ ತೆಗೆದದ್ದು. ನಮ್ಮ ಓಣಿಯ ವಹಾಬ ಆ ಹಡಗಿನ ಆಳು, ಖಲಾಸಿ. ಬಿಳಿ ಅಂಗಿ ತೊಟ್ಟು ಡೆಕ್ಕಿನಲ್ಲಿ ನಿಂತಿದ್ದ. ಚಿತ್ರಕ್ಕೆ ಅಡ್ಡ ಅನಿಸಿದ. ಚಾಕುವಿನಿಂದ ಕೆರೆದೆ. ಹಡಗಿನ ಹೆಸರನ್ನೂ ಕೆರೆದೆ. ಈಗ ಹಡಗೇ ಇಲ್ಲ— ಒಂದು ಕಪ್ಪು ಕೋನ, ಒಂದು ಬಿಳಿ ಬಯಲು. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

21 ಆಗಸ್ಟ್
ವಹಾಬ ರಜೆಗೆ ಬಂದಿದ್ದಾನೆ. ಫೋಟೋ ಕೇಳಿದ. ಇನ್ನೂ ತೊಳೆದಿಲ್ಲ ಎಂದೆ. ಸ್ಟೇಷನ್ ರಸ್ತೆಯಲ್ಲಿ ನಿಜಾಮರ ಪರದ ರಜಾಕಾರರ ಲಾರಿ. ಅಂಗಡಿ ಬೇಗ ಮುಚ್ಚಿದೆ.

27 ಸೆಪ್ಟೆಂಬರ್
ನಿಜಾಮರ ಫೌಜು ಶರಣಾಗಿ ಹತ್ತು ದಿನ. ಈಗ ಹೆದರುವವರು ಬೇರೆ. ವಹಾಬನನ್ನು ಪೊಲೀಸರು ಹಿಡಿದೊಯ್ದಿದ್ದಾರೆ. ಜುಲೈ 22ರಂದು ಹಳ್ಳಿಯೊಂದಕ್ಕೆ ಬೆಂಕಿ ಇಟ್ಟ ರಜಾಕಾರರಲ್ಲಿ ಇವನೂ ಇದ್ದನೆಂದು ಯಾರೋ ಬರೆದುಕೊಟ್ಟಿದ್ದಾರೆ. ಅವನ ಹೆಂಡತಿ ಮದೀನಾಬೀ ಬಂದಳು.
"ಅಂಬಣ್ಣಾ, ಆ ದಿನ ನೀವಿಬ್ರೂ ಮುಂಬೈದಾಗ ಇದ್ರಿ. ಆ ಫೋಟೋ ಕೊಡ್ರಿ. ಸಾಹೇಬರಿಗಿ ತೋರಸ್ತೀನಿ."
ನಾಳೆ ಬಾ ಎಂದೆ. ಆಕೆ ಹೋದಮೇಲೆ ನನ್ನ ಹೆಂಡತಿ ಮರಿಲಿಂಗಮ್ಮ ಕೇಳಿದಳು: "ಫೋಟೋ ಯಾಕ? ನೀವೇ ಹೋಗಿ ಹೇಳ್ರಲ್ಲ."
"ಅವನ ಪರ ನಿಂತ್ರ ನಮ್ಮ ಅಂಗಡಿ ಉಳೀತದೇನು?"

28 ಸೆಪ್ಟೆಂಬರ್
ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ವಹಾಬನನ್ನು ಮತ್ತೆ ಬರೆದೆ. ನೆನಪಿನಿಂದ. ಅಂಗಿ ಬಂತು. ಮುಖ ಬರಲಿಲ್ಲ. ಪ್ರಿಂಟ್ ಹಾಕಿ ಮದೀನಾಬೀಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡಳು.

29 ಸೆಪ್ಟೆಂಬರ್
ಮಧ್ಯಾಹ್ನ ಠಾಣೆಗೆ ಕರೆಸಿದರು. ಮದೀನಾಬೀ ಅಲ್ಲೇ ಇದ್ದಳು. ಅವಳು ಕೊಟ್ಟ ಪ್ರಿಂಟನ್ನು ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿದರು. "ಇದು ಮನುಷ್ಯ ಅಲ್ಲ, ಪೆನ್ಸಿಲ್. ಯಾರು ಬರೆದದ್ದು?"
ಕಿಟಕಿಯಾಚೆ ಮನೆ ಸುಟ್ಟುಹೋದ ಆ ಹಳ್ಳಿಯವರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಅಂದದ್ದು ಇಷ್ಟೇ: "ಆಕಿ ಕೇಳಿದ್ಲು ರೀ… ಬರದು ಕೊಟ್ಟೆ."
ಮದೀನಾಬೀ ಅಳಲಿಲ್ಲ. ನನ್ನನ್ನೇ ನೋಡಿದಳು. ಅವಳನ್ನೂ ಕೂರಿಸಿಕೊಂಡರು. ನನ್ನನ್ನು ಕಳಿಸಿದರು.

30 ಸೆಪ್ಟೆಂಬರ್
ಮರಿಲಿಂಗಮ್ಮ ತಾಟು ಇಟ್ಟು ಅಂದಳು: "ಮದೀನಾಬೀ ಇನ್ನೂ ಠಾಣೆದಾಗ ಅದಾಳ."

1 ಅಕ್ಟೋಬರ್, ಮಧ್ಯಾಹ್ನ ಮೂರು
ಬೆಳಿಗ್ಗೆ ನಾನೇ ಹೋದೆ. ಕೆರೆದದ್ದು, ಬರೆದದ್ದು, ಆ ದಿನ ವಹಾಬ ನನ್ನ ಜೊತೆಗೇ ಇದ್ದದ್ದು— ಎಲ್ಲ ಹೇಳಿ ಸಹಿ ಹಾಕಿದೆ. ಅಧಿಕಾರಿ ಮುಂಬಯಿಗೆ ತಂತಿ ಕಳಿಸಿ ಹಡಗಿನ ಹಾಜರಿ ಕೇಳಿದರು. ಮದೀನಾಬೀಯನ್ನು ಆಗಲೇ ಬಿಟ್ಟರು. ಉತ್ತರ ಬರುವವರೆಗೆ ವಹಾಬ ಅಲ್ಲೇ. ಮದೀನಾಬೀ ನನ್ನ ಮುಂದೆಯೇ ನಡೆದಳು, ತಿರುಗಿ ನೋಡಲಿಲ್ಲ. ಹಳ್ಳಿಯವರಲ್ಲೊಬ್ಬ ಗೇಟಿನ ಹತ್ತಿರ ಕೇಳಿದ: "ನಿನ್ನ ಅಂಗಡಿ ಎಲ್ಲೈತಿ?" ನಾನೇ ಹೇಳಿದೆ.
ಈಗ ಮರಿಲಿಂಗಮ್ಮ ಕಿಟಕಿಯಲ್ಲಿ. "ಆ ಹಳ್ಳಿ ಮಂದಿ ಬರಾಕತ್ತಾರ. ಹತ್ತು ಹನ್ನೆರಡು ಮಂದಿ ಅದಾರ."
ಅವಳನ್ನು ಹಿತ್ತಲಿನಿಂದ ಕಳಿಸಬೇಕು. ಹೋಗಲಾರೆ ಅನ್ನುತ್ತಾಳೆ. ಬಾಗಿಲು ತಟ್ಟುತ್ತಿದ್ದಾರೆ. ತೆಗೆಯುತ್ತೇನೆ. ವಹಾಬ ಆ ದಿನ ಎಲ್ಲಿದ್ದ ಎಂದು ಇವರಿಗೂ